ಮೋಟಾರು ಸಾರಥ್ಯವೂ ಹವ್ಯಾಸಿ ಸಂಘಗಳೂ

ಪ್ರತಿಯೊಂದು ವಾಹನಕ್ಕೂ ಎರಡು ಚರಿತ್ರೆಗಳಿರುವವು. ಅದರಲ್ಲಿ ಏರಿ ಕುಳಿತವರ ಚರಿತ್ರೆ ಒಂದು; ಅದನ್ನು ನಡೆಯಿಸಿದವರ ಚರಿತ್ರೆ ಇನ್ನೊಂದು. ಮೊದಲನೆಯದನ್ನು ದರ್ಬಾರಿನ ದಫ್ತರಗಳು ಜೋಪಾನವಾಗಿ ಕಾಯ್ದಿಡುತ್ತವೆ. ಎರಡನೆಯದನ್ನು ಬರೆದಿಡುವವರು ವಿರಳ. ಬೀದರ ಸೀಮೆಯ ಮೋಟಾರಿನ ಚರಿತ್ರೆಯೂ ಇದಕ್ಕೆ ಅಪವಾದವಲ್ಲ.

ಈ ಸೀಮೆಯು ೧೯೪೮ರ ವರೆಗೆ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದಿತೆಂಬದು ಸರ್ವವಿದಿತ. ಆ ಸಂಸ್ಥಾನದ ಮೋಟಾರುಗಳಲ್ಲಿ ಅತ್ಯಂತ ಪ್ರಖ್ಯಾತವಾದದ್ದು, ಆರನೆಯ ನಿಜಾಮರ ಕಾಲದಲ್ಲಿ ಆಜ್ಞೆಯಾಗಿ ಏಳನೆಯ ನಿಜಾಮರ ಕಾಲದಲ್ಲಿ ಬಂದು ಮುಟ್ಟಿದ ರೋಲ್ಸ್ ರಾಯ್ಸ್ ಸಿಂಹಾಸನರಥ. ಹಳದಿಯ ಬಣ್ಣದ ಆ ರಥವು ತನ್ನ ದೀರ್ಘಾಯುಷ್ಯದಲ್ಲಿ ಕೆಲವೇ ನೂರು ಮೈಲು ನಡೆದು, ಉಳಿದ ಕಾಲವನ್ನೆಲ್ಲ ಅರಮನೆಯ ಕೊಟ್ಟಿಗೆಯಲ್ಲಿ ಕಳೆಯಿತು. ಅದರ ಚಿತ್ರವನ್ನು ಇಂದಿಗೂ ಜನರು ಕುತೂಹಲದಿಂದ ನೋಡುವರು. ಆದರೆ ೧೯೩೨ರಲ್ಲಿ ನಿಜಾಮ ಸರಕಾರದ ರೇಲ್ವೆಯವರು ರಸ್ತೆ ಸಾರಿಗೆಯ ಶಾಖೆಯೊಂದನ್ನು ತೆರೆದು, ೨೭ ಬಸ್ಸುಗಳಿಂದಲೂ ೧೬೬ ಮಂದಿ ನೌಕರರಿಂದಲೂ ಕಾರ್ಯವನ್ನು ಆರಂಭಿಸಿದಾಗ, ಆ ೨೭ ಬಸ್ಸುಗಳ ಗಾಲಿ ತಿರುವಿದವರು ಯಾರು, ಅವರು ಎಲ್ಲಿ ಕಲಿತರು ಎಂದು ಕೇಳಿದವರು ಎಷ್ಟು ಮಂದಿ? ಸಿಂಹಾಸನರಥಕ್ಕಿಂತ ಈ ಬಸ್ಸುಗಳೇ ದಖ್ಖಣದ ಬಾಳನ್ನು ಬದಲಿಸಿದವು. ಮುಂದೆ ೧೯೫೬ರಲ್ಲಿ ಬೀದರ, ಭಾಲ್ಕಿ, ಔರಾದ ಮೊದಲಾದ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಉದಗೀರದ ಕಡೆಯ ಭಾಗವು ಮುಂಬಯಿ ರಾಜ್ಯಕ್ಕೆ ಹೋಯಿತು. ಜಹೀರಾಬಾದದ ಕಡೆಯದು ತೆಲುಗು ನಾಡಿಗೆ ಹೋಯಿತು. ಗಡಿಗಳು ಬದಲಾದರೂ ಬಸ್ಸಿನ ದಾರಿಗಳು ಬದಲಾಗಲಿಲ್ಲ. ಸಂಸ್ಥೆಯ ಹೆಸರು ಮಾತ್ರ ಹಲವು ಸಾರಿ ತಿರುಗಿ, ೨೦೦೦ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೆಂದಾಗಿ, ೨೦೨೧ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಮಾರ್ಪಟ್ಟಿತು.

ಈ ದೀರ್ಘಕಾಲದಲ್ಲಿ ಡ್ರೈವರನು ಹುಟ್ಟಿಬರುತ್ತಿದ್ದ ಬಗೆ ಒಂದೇ. ಹುಡುಗನು ಲಾರಿಗೆ ಕ್ಲೀನರನಾಗಿ ಸೇರುವನು. ಗಾಜು ಒರೆಸುವನು, ನೀರು ಹಾಕುವನು, ಘಾಟಿನಲ್ಲಿ ಗಾಲಿಗೆ ಕಲ್ಲು ಕೊಡುವನು, ರಾತ್ರಿ ಮಾಲನ್ನು ಕಾಯುವನು. ವರ್ಷಗಳು ಕಳೆದ ಮೇಲೆ ಒಂದು ದಿನ, ದಾರಿ ಬಯಲಾಗಿದ್ದು ಡ್ರೈವರನ ಮನಸ್ಸು ಪ್ರಸನ್ನವಾಗಿದ್ದರೆ, ಸ್ಟಿಯರಿಂಗು ಅವನ ಕೈಗೆ ಬರುವದು. ಇದರಲ್ಲಿ ಗುರುಕುಲದ ಅಂಶವುಂಟೆಂಬದನ್ನು ಅಲ್ಲಗಳೆಯಲಾಗದು. ಸೇವೆಯಿಂದ ವಿದ್ಯೆಯನ್ನು ಪಡೆಯುವದು ನಮ್ಮ ದೇಶದ ಪುರಾತನ ಕ್ರಮವೇ ಸರಿ. ಆದರೆ ಒಂದು ನ್ಯೂನತೆಯೂ ಉಂಟು. ಪಾಠಶಾಲೆಯ ಬಾಲಕನು ವ್ಯಾಕರಣಸೂತ್ರವನ್ನು ತಪ್ಪಾಗಿ ಹೇಳಿದರೆ ಗುರುವು ತಿದ್ದುವನು. ಅದರಿಂದ ಯಾರ ಪ್ರಾಣವೂ ಹೋಗುವದಿಲ್ಲ. ಹೆದ್ದಾರಿಯ ಮೇಲೆ ಪ್ರಥಮ ಪಾಠವನ್ನು ಕಲಿಯುವವನು ತಪ್ಪಿದರೆ ತಿದ್ದುವದಕ್ಕೆ ಅವಕಾಶವೇ ಇರುವದಿಲ್ಲ. ತಪ್ಪು ಮಾಡಿ ಕಲಿಯುವದಕ್ಕೆ ತೆರವಾದ ಒಂದು ಸ್ಥಳವು ಬೇಕು ಎಂಬ ವಿಚಾರವು ಇಲ್ಲಿಂದಲೇ ಹುಟ್ಟುವದು. ಆ ವಿಚಾರವು ಜಗತ್ತಿನಲ್ಲಿ ಹೇಗೆ ಬೆಳೆಯಿತೆಂಬದನ್ನು ನೋಡುವದು ಉಪಯುಕ್ತ.

ಮೋಟಾರು ಪಂದ್ಯವೆಂದೊಡನೆ ವೇಗವೇ ನೆನಪಿಗೆ ಬರುವದು. ಆದರೆ ಆದಿಯಲ್ಲಿ ಹಾಗಿರಲಿಲ್ಲ. ೧೮೯೪ರ ಜುಲೈ ತಿಂಗಳಲ್ಲಿ ಫ್ರಾನ್ಸದ ಒಂದು ವೃತ್ತಪತ್ರವು ಪ್ಯಾರಿಸದಿಂದ ರೂಆನ್ ನಗರದ ವರೆಗೆ, ಸುಮಾರು ೧೨೬ ಕಿಲೋಮೀಟರಿನ ದಾರಿಯಲ್ಲಿ, ಕುದುರೆಯಿಲ್ಲದ ಬಂಡಿಗಳ ಪರೀಕ್ಷೆಯನ್ನು ಏರ್ಪಡಿಸಿತು. ಎಲ್ಲರಿಗಿಂತ ಮುಂಚೆ ಗುರಿಯನ್ನು ಮುಟ್ಟಿದವನು ಕೌಂಟ್ ದ ದಿಯೋಂ ಎಂಬವನು. ಆದರೆ ಮೊದಲನೆಯ ಬಹುಮಾನವು ಅವನಿಗೆ ದೊರೆಯಲಿಲ್ಲ! ಅವನದು ಉಗಿಯ ಬಂಡಿ. ಅದಕ್ಕೆ ಬೆಂಕಿ ಹಾಕಲು ಬೇರೊಬ್ಬ ಆಳು ಬೇಕಾಗಿದ್ದಿತು. ಅಪಾಯವಿಲ್ಲದ್ದೂ, ನಡೆಯಿಸಲು ಸುಲಭವಾದದ್ದೂ, ಖರ್ಚು ಕಡಿಮೆಯಾದದ್ದೂ ಆದ ವಾಹನಕ್ಕೆ ಬಹುಮಾನವೆಂಬದು ನಿಬಂಧನೆ. ಆದುದರಿಂದ ಪ್ಯಾನಾರ್, ಪ್ಯೂಜೋ ಎಂಬ ಎರಡು ಕಾರಖಾನೆಯವರು ಬಹುಮಾನವನ್ನು ಹಂಚಿಕೊಂಡರು. ಮೋಟಾರು ಕ್ರೀಡೆಯ ಪ್ರಪ್ರಥಮ ತೀರ್ಪು ವೇಗವನ್ನು ಬಿಟ್ಟು ವಿವೇಕವನ್ನು ಮನ್ನಿಸಿದ್ದಿತೆಂಬದು ಸ್ಮರಣೀಯ.

ಆ ವಿವೇಕವು ಬಹುಕಾಲ ನಿಲ್ಲಲಿಲ್ಲ. ಒಂದೇ ದಶಕದಲ್ಲಿ ಸಾರ್ವಜನಿಕ ರಸ್ತೆಗಳು ಪಂದ್ಯದ ಕಣಗಳಾದವು. ೧೯೦೩ರ ಮೇ ತಿಂಗಳಲ್ಲಿ ಪ್ಯಾರಿಸದಿಂದ ಮ್ಯಾಡ್ರಿಡ್ ನಗರಕ್ಕೆ ಹೊರಟ ಪಂದ್ಯದಲ್ಲಿ ಓಡಿಸುವವರೂ ನೋಡುವವರೂ ಸತ್ತರು. ಮಡಿದವರಲ್ಲಿ ರೆನೋ ಕಾರಖಾನೆಯ ಸ್ಥಾಪಕ ಬಂಧುಗಳಲ್ಲೊಬ್ಬನಾದ ಮಾರ್ಸೆಲ್ ರೆನೋ ಕೂಡ ಒಬ್ಬನು. ಬೋರ್ದೋ ನಗರದಲ್ಲಿ ಸರಕಾರವು ಪಂದ್ಯವನ್ನು ನಿಲ್ಲಿಸಿಬಿಟ್ಟಿತು. ಊರಿನ ದಾರಿಯು ಊರಿನವರದು, ಪಂದ್ಯಕ್ಕೆ ಬೇರೆ ಆವರಣ ಬೇಕು ಎಂಬ ಪಾಠವನ್ನು ಜನರು ರಕ್ತವನ್ನು ತೆತ್ತು ಕಲಿತರು. ೧೯೦೭ರಲ್ಲಿ ಇಂಗ್ಲಂಡಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಪ್ರತ್ಯೇಕ ಕಣವು ತೆರೆಯಿತು. ಆದರೆ ಅಂಥ ಕಣವು ಧನಿಕರ ಕಣವಾಯಿತು. ಸಾಮಾನ್ಯನು ಅಲ್ಲಿ ಪ್ರೇಕ್ಷಕನೇ ಹೊರತು ಸಾರಥಿಯಲ್ಲ.

ಈ ಕೊರತೆಯನ್ನು ತುಂಬಿದ್ದು ಹವ್ಯಾಸಿ ಸಂಘಗಳು. ಎರಡನೆಯ ಮಹಾಯುದ್ಧವು ಇನ್ನೂ ನಡೆದಿರುವಾಗಲೇ, ೧೯೪೪ರಲ್ಲಿ, ಅಮೇರಿಕದ ಬಾಸ್ಟನ್ ನಗರದಲ್ಲಿ ಕ್ರೀಡಾಮೋಟಾರಿನ ಪ್ರೇಮಿಗಳು ಒಂದು ಸಂಘವನ್ನು ಕಟ್ಟಿದರು. ಬ್ರಿಟನ್ನಿನಲ್ಲಿಯೂ ಯುದ್ಧಾನಂತರ ಹುಲ್ಲುಗಾವಲುಗಳಲ್ಲಿ ಇಂಥ ಕೂಟಗಳು ನಡೆದವು. ಆಟೋಕ್ರಾಸ್ ಎಂಬ ಕ್ರೀಡೆಯು ಹೀಗೆ ಬೆಳೆಯಿತು. ಬ್ರಿಟನ್ನಿನಲ್ಲಿ ಅದು ಹುಲ್ಲು ಮಣ್ಣುಗಳ ಮೇಲಿನ ಆಟ. ಅಮೇರಿಕದಲ್ಲಿ ಡಾಂಬರಿನ ವಿಶಾಲವಾದ ಅಂಗಳದ ಆಟ. ಅಮೇರಿಕದಲ್ಲಿ ೧೯೭೩ರಲ್ಲಿ ಇದಕ್ಕೆ ರಾಷ್ಟ್ರಮಟ್ಟದ ಪಂದ್ಯವೂ ಮೊದಲಾಯಿತು.

ಅದರ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ. ಬಯಲಿನಲ್ಲಿ ರಬ್ಬರಿನ ಕೋನುಗಳನ್ನು ಇಟ್ಟು ಅಂಕುಡೊಂಕಾದ ದಾರಿಯನ್ನು ಗೊತ್ತುಮಾಡುವರು. ಮೊದಲು ಎಲ್ಲರೂ ಆ ದಾರಿಯನ್ನು ಕಾಲ್ನಡಿಗೆಯಿಂದ ಸುತ್ತಿ ಮನನ ಮಾಡಿಕೊಳ್ಳುವರು. ಬಳಿಕ ವಾಹನಗಳ ತಪಾಸಣೆ: ಬ್ರೇಕು ಹಿಡಿಯುವದೇ, ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ, ಬ್ಯಾಟರಿಯು ಅಲುಗಾಡದೆ ಕೂತಿರುವದೇ, ಸೀಟಿನ ಬೆಲ್ಟು ಸರಿಯಾಗಿರುವದೇ, ಒಳಗೆ ಸಡಿಲಾದ ಸಾಮಾನುಗಳೇನಾದರೂ ಉಂಟೇ ಎಂದು ನೋಡುವರು. ತಲೆಗೆ ಹೆಲ್ಮೆಟ್ಟಿಲ್ಲದವನಿಗೆ ಪ್ರವೇಶವಿಲ್ಲ. ಆ ಮೇಲೆ ಒಂದೊಂದೇ ಮೋಟಾರು ಹೊರಡುವದು. ಎದುರಾಳಿಯು ಪಕ್ಕದಲ್ಲಿರುವದಿಲ್ಲ, ಗಡಿಯಾರವೇ ಎದುರಾಳಿ. ಒಂದು ಸುತ್ತು ಮುಗಿಯಲು ಬಹುಮಟ್ಟಿಗೆ ಒಂದು ನಿಮಿಷ. ಅಮೇರಿಕದ ನಿಯಮದಂತೆ, ಕೆಡವಿದ ಪ್ರತಿಯೊಂದು ಕೋನಿಗೆ ೨ ಸೆಕೆಂಡುಗಳ ದಂಡ. ದಾರಿ ತಪ್ಪಿದರೆ ಆ ಸುತ್ತೇ ವ್ಯರ್ಥ. ಹೀಗಾಗಿ ಬಿರುಸಾಗಿ ನುಗ್ಗುವವನಿಗಿಂತ ಹದವರಿತು ತಿರುಗಿಸುವವನು ಗೆಲ್ಲುವನು.

ಈ ಕ್ರೀಡೆಯ ಸಾರವು ಇದಕ್ಕಿಂತ ಮುಂದಿನ ಒಂದು ಪದ್ಧತಿಯಲ್ಲಿದೆ. ಆ ಸಂಘಗಳಲ್ಲಿ ಓಡಿಸುವವರೇ ಸೇವಕರು. ಅರ್ಧ ಮಂದಿ ಓಡಿಸುವಾಗ ಉಳಿದ ಅರ್ಧ ಮಂದಿ ಬಿಸಿಲಿನಲ್ಲಿ ತಿರುವುಗಳ ಹತ್ತಿರ ನಿಂತು, ಬಿದ್ದ ಕೋನನ್ನು ಎತ್ತಿಡುವರು, ಅಪಾಯ ಕಂಡರೆ ಕೆಂಪು ಬಾವುಟವನ್ನು ಬೀಸುವರು, ಬೆಂಕಿ ನಂದಿಸುವ ಸಾಧನದ ಬಳಿ ಕಾದಿರುವರು, ವೇಳೆಯನ್ನು ಬರೆದುಕೊಳ್ಳುವರು. ಬಳಿಕ ಪಾಳಿಯು ಬದಲಾಗುವದು. ಹತ್ತಾರು ಬಹುಮಾನಗಳನ್ನು ಪಡೆದವನೂ ಕೋನು ಎತ್ತತಕ್ಕದ್ದೇ. ಯಾರಿಗೂ ಸಂಬಳವಿಲ್ಲ. ಹೊಸಬನು ಬಂದರೆ ಅವನಿಗೆ ಪ್ರತ್ಯೇಕ ವರ್ಗವುಂಟು. ಅವನ ಪಕ್ಕದ ಆಸನದಲ್ಲಿ ಅನುಭವಿಯೊಬ್ಬನು ಕುಳಿತು, ಎಲ್ಲಿ ನೋಡಬೇಕು, ಎಲ್ಲಿ ಬ್ರೇಕು ಬಿಡಬೇಕು ಎಂದು ಹೇಳಿಕೊಡುವನು. ಅವನು ತರಬೇಕಾದದ್ದು ತಾನು ದಿನಾಲು ಕೆಲಸಕ್ಕೆ ಹೋಗುವ ಮೋಟಾರನ್ನೇ. ಪಂದ್ಯದ ವಿಶೇಷ ವಾಹನ ಬೇಡ.

ಪಕ್ಕದಲ್ಲಿ ಕುಳಿತವನ ಮಹತ್ವವನ್ನು ಭಾರತೀಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕರ್ಣನ ರಥದಲ್ಲಿ ಶಲ್ಯನೂ ಇದ್ದನು, ಅರ್ಜುನನ ರಥದಲ್ಲಿ ಕೃಷ್ಣನೂ ಇದ್ದನು. ಒಬ್ಬನ ಮಾತು ಧೈರ್ಯವನ್ನು ಕುಗ್ಗಿಸಿತು, ಇನ್ನೊಬ್ಬನ ಮಾತು ಎತ್ತಿಹಿಡಿಯಿತು. ನಳೋಪಾಖ್ಯಾನದಲ್ಲಿ ಬಾಹುಕನ ವೇಷದ ನಳನು ಋತುಪರ್ಣನ ರಥವನ್ನು ಓಡಿಸುವಾಗ, ಅರಸನು ತನ್ನ ಅಕ್ಷವಿದ್ಯೆಯನ್ನು ಸಾರಥಿಗೆ ಕೊಟ್ಟನು. ಸಾರಥಿಯು ತನ್ನ ಅಶ್ವವಿದ್ಯೆಯನ್ನು ಅರಸನಿಗೆ ಕೊಡುವೆನೆಂದನು. ವಿದ್ಯೆಗೆ ವಿದ್ಯೆಯೇ ಬೆಲೆಯೆಂಬ ಈ ವಿನಿಮಯವೇ ಹವ್ಯಾಸಿ ಸಂಘದ ತಳಹದಿ. ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿಯೂ ಇದೇ ಕ್ರಮವು ಕಂಡುಬರುವದು. ವಸ್ತಾದನು ಹುಡುಗನಿಗೆ ಮೊದಲ ದಿನವೇ ಡಾವು ಕಲಿಸುವದಿಲ್ಲ. ಹುದಿಯ ಮಣ್ಣನ್ನು ಅಗೆದು ಹದಗೊಳಿಸುವದನ್ನು ಕಲಿಸುವನು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಹವ್ಯಾಸಿ ನಾಟಕ ಸಂಘದವರು ನಾಟಕಕಲೆಗೆ ಮಾಡಿದ ಸೇವೆಯೂ ಇದೇ ಜಾತಿಯದು.

ಭಾರತದಲ್ಲಿ ಈ ಕ್ರೀಡೆಗೆ ನೆಲೆ ದೊರೆತದ್ದು ಯುದ್ಧಕಾಲದ ವಿಮಾನದ ಬಯಲುಗಳಲ್ಲಿ. ಮದ್ರಾಸಿನ ಹತ್ತಿರದ ಶೋಳಾವರಂ ಎಂಬಲ್ಲಿ ವಿಮಾನಗಳು ಬಿಟ್ಟುಹೋದ ಓಡುದಾರಿಯ ಮೇಲೆ ಮೋಟಾರುಗಳು ಓಡಿದವು. ೧೯೫೩ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಸ್ಥಾಪಿತವಾಯಿತು. ೧೯೭೧ರಲ್ಲಿ ದೇಶದ ಸಂಘಗಳೆಲ್ಲ ಕೂಡಿ ಒಂದು ಒಕ್ಕೂಟವನ್ನು ಮಾಡಿಕೊಂಡವು. ಮದ್ರಾಸಿನ ಸಂಘವು ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ತನ್ನದೇ ಆದ ಕಣವನ್ನು ಕಟ್ಟಿ ೧೯೯೦ರಲ್ಲಿ ತೆರೆಯಿತು. ಅರಸನ ಆಶ್ರಯವಿಲ್ಲದೆ ಹವ್ಯಾಸಿಗಳ ಸಂಘವೊಂದು ಇಷ್ಟು ದೊಡ್ಡ ಕೆಲಸವನ್ನು ಪೂರೈಸಿದ್ದು ಸಾಮಾನ್ಯವಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಕೆ-೧೦೦೦ ಎಂಬ ರ‍್ಯಾಲಿಯಿಂದ ಹೆಸರಾಯಿತು. ಚಿಕ್ಕಮಗಳೂರಿನ ಸಂಘವು ಕಾಫಿಯ ತೋಟಗಳ ನಡುವಣ ಮಣ್ಣಿನ ದಾರಿಗಳಿಗೆ ಏಶ್ಯಾ ಪೆಸಿಫಿಕ್ ಪಂದ್ಯಾವಳಿಯನ್ನೇ ಬರಮಾಡಿಕೊಂಡಿತು. ಕೊಡಗಿನ ಬಯಲುಗಳಲ್ಲಿ ಆಟೋಕ್ರಾಸ್ ಪಂದ್ಯಗಳು ನಡೆದಿವೆ. ಕಾಸರಗೋಡಿನ ಮೂಸಾ ಶೆರೀಫರು ಸ್ಟಿಯರಿಂಗು ಹಿಡಿಯದೆ, ಪಕ್ಕದ ಆಸನದಲ್ಲಿ ಕುಳಿತು ದಾರಿಯನ್ನು ಓದಿಹೇಳುವ ಸಹಸಾರಥ್ಯದಿಂದಲೇ ಕೀರ್ತಿವಂತರಾದರು. ಬೆಂಗಳೂರಿನ ಸಿ. ಎಸ್. ಸಂತೋಷರು ೨೦೧೫ರಲ್ಲಿ ಮೋಟಾರು ಸೈಕಲ್ಲಿನ ಮೇಲೆ ಡಾಕಾರ್ ಎಂಬ ಮರುಭೂಮಿಯ ಮಹಾರ‍್ಯಾಲಿಗೆ ಇಳಿದ ಪ್ರಥಮ ಭಾರತೀಯರೆನಿಸಿದರು. ಅದೇ ನಗರದ ಐಶ್ವರ್ಯಾ ಪಿಸ್ಸೆ ೨೦೧೯ರಲ್ಲಿ ಮೋಟಾರು ಸೈಕಲ್ಲಿನ ಬಾಹಾ ವಿಶ್ವಕಪ್ಪಿನ ಮಹಿಳಾವರ್ಗವನ್ನು ಗೆದ್ದರು. ಅದೇ ವರ್ಷ ಗೌರವ ಗಿಲ್ ಎಂಬ ದಿಲ್ಲಿಯ ಸಾರಥಿಗೆ ಅರ್ಜುನ ಪ್ರಶಸ್ತಿಯು ಬಂದಿತು. ಮೋಟಾರು ಕ್ರೀಡೆಗೆ ಆ ಮಾನ್ಯತೆಯು ದೊರೆತದ್ದು ಅದೇ ಮೊದಲು.

ಬೀದರದವರಿಗೆ ಇಲ್ಲಿ ಒಂದು ವಿಷಯವು ವಿಶೇಷವಾಗಿ ವಿಚಾರಾರ್ಹ. ಶೋಳಾವರಂ ಬಯಲಿನಂತೆ ಬೀದರದ ವಿಮಾನನಿಲ್ದಾಣವೂ ಮಹಾಯುದ್ಧದ ಕಾಲದ್ದು, ೧೯೪೨ರಲ್ಲಿ ಆದದ್ದು. ಅದು ಮೋಟಾರುಗಳಿಗೆ ಬರಲಿಲ್ಲ. ೧೯೬೩ರಿಂದ ವಾಯುಸೇನೆಯ ಶಿಕ್ಷಣಕೇಂದ್ರವಾಯಿತು. ಪ್ರಸಿದ್ಧವಾದ ಸೂರ್ಯಕಿರಣ ತಂಡವು ೧೯೯೬ರಲ್ಲಿ ಅಲ್ಲಿಯೇ ಹುಟ್ಟಿತು. ೨೦೦೮ರಲ್ಲಿ ಹಾಕ್ ಎಂಬ ಶಿಕ್ಷಣವಿಮಾನಗಳು ಅಲ್ಲಿಗೆ ಬಂದವು. ಆ ವಿಮಾನಕ್ಕೆ ಎರಡು ಆಸನಗಳು: ಮುಂದೆ ಶಿಷ್ಯನು, ಹಿಂದೆ ಗುರುವು. ಎಂದರೆ, ಬೀದರದ ಆಕಾಶದಲ್ಲಿ ಹಾರುವವರಲ್ಲಿ ಬಹುಮಂದಿ ಕಲಿಯುವವರೇ. ಹೊಸಬನನ್ನು ತೆರವಾದ ಬಯಲಿನಲ್ಲಿ, ಗುರುವಿನ ಸಮಕ್ಷಮದಲ್ಲಿ, ಅಳತೆಗೆ ಒಳಪಡಿಸಿ ಕಲಿಸಬೇಕೆಂಬ ತತ್ವವನ್ನು ಈ ಪಟ್ಟಣವು ಆರು ದಶಕಗಳಿಂದ ತಲೆಯೆತ್ತಿ ನೋಡುತ್ತ ಬಂದಿದೆ. ಆಕಾಶದಲ್ಲಿ ಒಪ್ಪಿದ ತತ್ವವನ್ನು ನೆಲದ ಮೇಲೆ ಒಪ್ಪುವದಕ್ಕೆ ಅಡ್ಡಿಯೇನು?

ಅಡ್ಡಿಯನ್ನು ಹೇಳುವವರು ಇಲ್ಲದಿಲ್ಲ. ಇದು ಹಣವಂತರ ಹುಚ್ಚು, ಎಣ್ಣೆಯ ದುಂದು, ತರುಣರಿಗೆ ವೇಗದ ಚಟವನ್ನು ಹತ್ತಿಸುವ ಮಾರ್ಗ ಎಂದು ಹಿರಿಯರು ಆಕ್ಷೇಪಿಸುವರು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ೨೦೧೯ರ ಸಪ್ಟಂಬರದಲ್ಲಿ ರಾಜಸ್ಥಾನದ ಬಾಡಮೇರ ಜಿಲ್ಲೆಯಲ್ಲಿ ನಡೆದ ರಾಷ್ಟ್ರೀಯ ರ‍್ಯಾಲಿಯಲ್ಲಿ, ಪಂದ್ಯಕ್ಕೆಂದು ಮುಚ್ಚಿದ್ದ ದಾರಿಯೊಳಕ್ಕೆ ಮೋಟಾರು ಸೈಕಲ್ಲೊಂದು ಬಂದು, ಒಂದೇ ಕುಟುಂಬದ ಮೂವರು ಪಂದ್ಯದ ಕಾರಿಗೆ ಸಿಕ್ಕಿ ಮೃತರಾದರು. ಅನುಭವಿಗಳಾದ ಸಾರಥಿಗಳಿದ್ದರೂ ಆ ಪ್ರಾಣಗಳು ಉಳಿಯಲಿಲ್ಲ. ದಾರಿಯ ಪ್ರತಿಯೊಂದು ಬಾಯಿಯನ್ನೂ ಕಾಯುವವನು ಎಷ್ಟು ಮುಖ್ಯನೆಂಬದು ಇದರಿಂದ ವ್ಯಕ್ತವಾಗುವದು. ಕ್ರೀಡೆಯಲ್ಲಿ ಬಹುಮಾನವು ಸಾರಥಿಗೆ. ಆದರೆ ಜೀವಗಳ ಭಾರವು ಬಾವುಟ ಹಿಡಿದವನ ಮೇಲೆ. ಸ್ವಯಂಸೇವಕರು ಸಾಲದೆ ಹೋದರೆ ಆ ದಿನದ ಕೂಟವನ್ನೇ ನಿಲ್ಲಿಸತಕ್ಕದ್ದು. ಇದರಲ್ಲಿ ದಾಕ್ಷಿಣ್ಯವು ಸಲ್ಲದು.

ಆದರೆ ಆಕ್ಷೇಪದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವೇಗದ ಚಟವನ್ನು ಸಂಘಗಳು ಹುಟ್ಟಿಸಬೇಕಾಗಿಲ್ಲ. ಅದು ತಾರುಣ್ಯದ ಜೊತೆಯಲ್ಲಿಯೇ ಬರುವದು. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿಯು ಹೇಳುವದು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿದವರ ಮರಣಕ್ಕೆ ಅತಿವೇಗವೇ ಕಾರಣವೆಂದು ಅದರಲ್ಲಿಯೇ ಇದೆ. ಇವರಾರೂ ಪಂದ್ಯದ ಕಣದಲ್ಲಿ ಸತ್ತವರಲ್ಲ. ನಾಂದೇಡದ ಕಡೆಯಿಂದ ಬಂದು ಬೀದರ, ಕಲಬುರಗಿ, ವಿಜಯಪುರಗಳ ಮೇಲೆ ಹಾಯುವ ೫೦ನೆಯ ಹೆದ್ದಾರಿಯೂ, ಪುಣೆಯಿಂದ ಹುಮನಾಬಾದದ ಮೇಲೆ ಹೈದರಾಬಾದಕ್ಕೆ ಸಾಗುವ ೬೫ನೆಯ ಹೆದ್ದಾರಿಯೂ ಈ ಜಿಲ್ಲೆಯಲ್ಲಿವೆ. ನುಣುಪಾದ ದಾರಿಯು ವೇಗಕ್ಕೆ ಆಹ್ವಾನವನ್ನು ಕೊಡುವದು. ವೇಗವನ್ನು ನಿಲ್ಲಿಸುವ ಬಗೆಯನ್ನು ಕಲಿಸುವದಿಲ್ಲ.

ಕಾನೂನಂತೂ ಸ್ಪಷ್ಟವಾಗಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮಿನಂತೆ, ರಾಜ್ಯ ಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯವಾಡುವದು ಅಪರಾಧ. ೨೦೧೯ರ ತಿದ್ದುಪಡಿಯಿಂದ ಮೊದಲ ಅಪರಾಧಕ್ಕೆ ಮೂರು ತಿಂಗಳ ವರೆಗಿನ ಸೆರೆವಾಸ ಅಥವಾ ೫,೦೦೦ ರೂಪಾಯಿಗಳ ವರೆಗಿನ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದ ವರೆಗೆ ಸೆರೆವಾಸ ಅಥವಾ ೧೦,೦೦೦ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ. ಆದರೆ ದಂಡವು ನಿಷೇಧವನ್ನು ಮಾತ್ರ ಹೇಳಬಲ್ಲದು. ಎಲ್ಲಿ ಹೋಗಬೇಕೆಂಬದನ್ನು ಹೇಳದು. ಬಾಗಿಲನ್ನು ಮುಚ್ಚಿದವರು ಇನ್ನೊಂದು ಬಾಗಿಲನ್ನು ತೆರೆಯದಿದ್ದರೆ ಹುಡುಗರು ಗೋಡೆಯನ್ನು ಹಾರುವರು. ಹವ್ಯಾಸಿ ಸಂಘವು ಆ ಎರಡನೆಯ ಬಾಗಿಲು.

ಈ ಸೀಮೆಯ ನೆಲವೂ ಇಂಥ ಶಿಕ್ಷಣಕ್ಕೆ ಪ್ರತಿಕೂಲವಲ್ಲ. ಬೀದರವು ಕೆಂಪು ಜಂಬಿಟ್ಟಿಗೆಯ ಪೀಠಭೂಮಿ. ಬಹಮನಿ ಅರಸರು ತಮ್ಮ ಕೋಟೆಯ ಕಂದಕವನ್ನು ಇದೇ ಕಲ್ಲಿನಲ್ಲಿ ಕಡಿಯಿಸಿದರು. ಅಲ್ಲಿಂದ ೪೦ ಕಿಲೋಮೀಟರಿನ ಸುಮಾರಿಗೆ ಇರುವ ಭಾಲ್ಕಿ, ಔರಾದಗಳ ಕಡೆಗೆ ಹೋದರೆ ಎರೆಯ ಭೂಮಿಯು ಎದುರಾಗುವದು. ಮುರಮಿನ ಮೇಲೆ ಗಾಲಿಯು ಸಡಿಲಾದ ಹರಳುಗಳ ಮೇಲೆ ಉರುಳಿ ಜಾರುವದು. ಎರೆಯ ಮಣ್ಣು ಬೇಸಿಗೆಯಲ್ಲಿ ಬಿರಿದು ಕುಲುಕಿಸುವದು, ಮಳೆಯಲ್ಲಿ ಗಾಲಿಗೆ ಮೆತ್ತಿ ಹಿಡಿತವನ್ನೇ ಕಳೆಯುವದು. ಇವೆರಡನ್ನೂ ಬಲ್ಲ ಸಾರಥಿಯು ಯಾವ ದಾರಿಯಲ್ಲಿಯೂ ಗಾಬರಿಗೊಳ್ಳನು. ಹಿಂಗಾರಿನ ರಾಶಿ ಮುಗಿದು ಮುಂಗಾರು ಬರುವ ತನಕ ಬಯಲುಗಳು ಬರಿದಾಗಿರುವವು. ಹೊಲದ ಒಡೆಯನ ಸಮ್ಮತಿ, ಅಧಿಕಾರಿಗಳ ಅಪ್ಪಣೆ, ಒಕ್ಕೂಟದ ನಿಯಮಗಳು, ಸಮೀಪದಲ್ಲಿ ನಿಂತ ಆಂಬ್ಯುಲೆನ್ಸು, ಪ್ರೇಕ್ಷಕರನ್ನು ದೂರವಿಡುವ ಗಟ್ಟಿಯಾದ ಬೇಲಿ, ಲೈಸೆನ್ಸು ಪಡೆದ ಸಾರಥಿಗಳು ಇವಿಷ್ಟು ಬೇಕಾದ ಸಾಮಗ್ರಿ. ಹಣಕ್ಕಿಂತ ಜನರೇ ಇದಕ್ಕೆ ಹೆಚ್ಚು ಬೇಕು. ಮೇಸ್ತ್ರಿಗಳು ತಪಾಸಣೆಗೆ ಬೇಕು; ಬಸ್ಸು ಲಾರಿಗಳಲ್ಲಿ ಆಯುಷ್ಯವನ್ನು ಸವೆಸಿ ನಿವೃತ್ತರಾದ ಡ್ರೈವರರು ಪಕ್ಕದ ಆಸನಕ್ಕೆ ಬೇಕು; ಕಾಲೇಜಿನ ತರುಣ ತರುಣಿಯರು ಬಾವುಟಕ್ಕೂ ಗಡಿಯಾರಕ್ಕೂ ಬೇಕು.

ಇವರಲ್ಲಿ ನಿವೃತ್ತ ಡ್ರೈವರನ ಸ್ಥಾನವು ಶ್ರೇಷ್ಠವಾದದ್ದು. ಲಕ್ಷಾಂತರ ಕಿಲೋಮೀಟರುಗಳ ಅನುಭವವು ಅವನ ಕೈಕಾಲುಗಳಲ್ಲಿ ಸಂಗ್ರಹವಾಗಿರುವದು. ಅದನ್ನು ಯಾವ ಗ್ರಂಥದಲ್ಲಿಯೂ ಬರೆದಿಟ್ಟಿರುವದಿಲ್ಲ. ಅವನೊಡನೆಯೇ ಅದು ಅಳಿದುಹೋಗುವದು. ಮುಖೋದ್ಗತವಾದ ವಿದ್ಯೆಯು ಶಿಷ್ಯನಿಲ್ಲದೆ ಲೋಪವಾಗುವದು ಹೇಗೆಂಬದನ್ನು ವೇದಪಾಠಶಾಲೆಗಳ ಇತಿಹಾಸವನ್ನು ಬಲ್ಲವರು ಚೆನ್ನಾಗಿ ಅರಿತಿರುವರು. ೧೯೩೨ರ ಆ ೨೭ ಬಸ್ಸುಗಳ ಸಾರಥಿಗಳ ಹೆಸರುಗಳು ಜನರ ಬಾಯಲ್ಲಿ ಉಳಿಯದಿದ್ದರೂ, ಕ್ಲೀನರನಿಂದ ಕ್ಲೀನರನಿಗೆ ಇಳಿದುಬಂದ ಅವರ ಕೈಚಳಕವು ಇಂದಿಗೂ ಈ ದಾರಿಗಳ ಮೇಲೆ ಜೀವಿಸಿಕೊಂಡಿದೆ. ಅದನ್ನು ಹೆದ್ದಾರಿಯ ಭಯದಿಂದ ಬಿಡಿಸಿ, ಬಯಲಿನ ನಿರ್ಭಯದಲ್ಲಿ, ಕೇಳಿ ಬಂದ ಹುಡುಗನಿಗೂ ಹುಡುಗಿಗೂ ಫಲಾಪೇಕ್ಷೆಯಿಲ್ಲದೆ ಕೊಡುವ ಸಂಘಗಳು ಬೀದರ, ಭಾಲ್ಕಿ, ಔರಾದಗಳಲ್ಲಿ ಬೆಳೆಯಬೇಕಾದದ್ದು ಈ ನಾಡಿನ ಹಿತಚಿಂತಕರು ಲಕ್ಷ್ಯಗೊಡಬೇಕಾದ ವಿಷಯವಾಗಿದೆ. ಇಂಥ ಬಯಲಿನಲ್ಲಿ ಕೋನು ಕೆಡವಿದವನು ಎರಡು ಸೆಕೆಂಡುಗಳ ದಂಡವನ್ನು ತೆತ್ತು, ನಗುತ್ತ ಮನೆಗೆ ಹೋಗುವನು. ಮರುವಾರ ಅವನೇ ಇನ್ನೊಬ್ಬನ ಕೋನನ್ನು ಎತ್ತಿಡಲು ಬರುವನು.